ಕೀ ಆನ್ ಮಾಡಿದ್ರೂ ಹತ್ತದ ಲೈಟು

ಲೈಸೆನ್ಸ್ ಕೈಗೆ ಬಂದು ಮೂರು ವಾರ ಆಗಿತ್ತು. ಮನೆ ಹಾಸನದಲ್ಲಿ, ಕೆಲಸ ಚನ್ನರಾಯಪಟ್ಟಣದಲ್ಲಿ, ದಿನಾ ಬಸ್ಸಲ್ಲೇ ಓಡಾಟ, ಸಂಜೆ ಸ್ವಲ್ಪ ಲೇಟಾದ್ರೂ ಮನೆ ಸೇರೋ ಹೊತ್ತಿಗೆ ಮಗಳು ಮಲಗಿಬಿಟ್ಟಿರ್ತಾಳೆ. ಅದಕ್ಕೇ ಕಾರ್ ತಗೊಳ್ಳೋಣ ಅಂತ ಮನಸ್ಸು ಮಾಡಿದ್ದು. ವಿಷಯ ಎತ್ತಿದ ಕೂಡ್ಲೇ ಮನೇಲಿ ಎಲ್ರದ್ದೂ ಒಂದೇ ಮಾತು, "ಈಗ ತಾನೆ ಕಲ್ತಿದೀಯ, ಅಲ್ಲಿ ಇಲ್ಲಿ ಗುದ್ಸೋದು ಗ್ಯಾರಂಟಿ, ಒಂದೂವರೆ ಲಕ್ಷದ್ದು ಯಾವುದಾದ್ರೂ ಹಳೇದು ತಗೋ, ಕೈ ಕೂತ್ಮೇಲೆ ಒಳ್ಳೇದು ತಗೊಂಡ್ರಾಯ್ತು."

ಆ ಮಾತು ಒಂದೆರಡು ದಿನ ನಂಗೂ ಸರಿ ಅನ್ನಿಸಿತ್ತು. ಆಮೇಲೆ ರಾತ್ರಿ ಮಲಗಿದಾಗ ತಲೇಲಿ ಕೊರೆಯೋಕೆ ಶುರುವಾಯ್ತು, ಗುದ್ಸೋದು ಗ್ಯಾರಂಟಿ ಅನ್ನೋದಾದ್ರೆ ಏರ್‌ಬ್ಯಾಗ್ ಇಲ್ದಿರೋ ಕಾರಲ್ಲೇ ಯಾಕೆ ಗುದ್ಸಬೇಕು? ಬಂಪರ್ ಗೀಚಿದ್ರೆ ಪೇಂಟ್ ಹೊಡೆಸ್ಬೋದು. ನಾನು ಹೋಗೋದು ಹೈವೇಲಿ, ಶಾಂತಿಗ್ರಾಮದ ಟೋಲ್ ದಾಟಿ, ಲಾರಿಗಳ ಮಧ್ಯೆ, ಅದೂ ಮಳೆಗಾಲದ ಸಂಜೆ.

ನನ್ ತಮ್ಮ ಕೂತ್ಕೊಂಡು ಲೆಕ್ಕ ಹೇಳ್ದ. 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗ್ದಂಗೆ ನೋಡ್ಕೊಳ್ಳೋ ಎಬಿಎಸ್ಸೂ ಅದೇ ವರ್ಷ ಕಡ್ಡಾಯ ಆಗಿದ್ದು, ಪಕ್ಕದ ಸೀಟಿನ ಏರ್‌ಬ್ಯಾಗ್ ಹೊಸ ಮಾಡೆಲ್‌ಗಳಿಗೆ 2021ರ ಏಪ್ರಿಲ್‌ನಿಂದ, ಮೊದಲಿಂದ ಇದ್ದ ಮಾಡೆಲ್‌ಗಳಿಗೆ ಆ ವರ್ಷದ ಕೊನೆಗೆ. 2019ಕ್ಕೂ ಮುಂಚಿನ ಸಣ್ಣ ಕಾರುಗಳ ಬೇಸ್ ಮಾಡೆಲ್‌ಗಳಲ್ಲಿ ಎಷ್ಟೋ ಸಲ ಏರ್‌ಬ್ಯಾಗ್, ಎಬಿಎಸ್ ಎರಡೂ ಇರಲ್ಲ. ರಿಜಿಸ್ಟ್ರೇಷನ್ ಡೇಟ್ ನೋಡಿ ಮೋಸ ಹೋಗ್ಬೇಡ ಅಕ್ಕ, ಆರ್‌ಸೀಲಿ ತಯಾರಾದ ತಿಂಗಳು ಅಂತ ಇರುತ್ತೆ, ಅದನ್ನ ನೋಡು ಅಂದ. ಅಪ್ಪ ಸ್ವಲ್ಪ ಕೊಡ್ತೀನಿ ಅಂದ್ರು, ಉಳಿದಿದ್ದು ನನ್ ಆರ್‌ಡಿ ಮುರಿಸಿದ್ದು, ಒಟ್ಟು ನಾಲ್ಕೂವರೆ ಲಕ್ಷ, ಅದರ ಮೇಲೆ ಒಂದು ರೂಪಾಯಿ ಇಲ್ಲ.

ಭಾನುವಾರ ಬೆಳಗ್ಗೆ ಪರಿಚಯದ ಮೆಕ್ಯಾನಿಕ್ ಅಣ್ಣನ್ನ ಕರ್ಕೊಂಡು ಹೋದ್ವಿ. ಮೊದಲನೇ ಯಾರ್ಡಲ್ಲೇ ಒಂದು ಬಿಳಿ ಕಾರು ನಂಗೆ ತುಂಬಾ ಹಿಡಿಸ್ತು, ಪಾಲಿಶ್ ಹೊಡೆದು ಫಳಫಳ ಅಂತಿತ್ತು, ಒಳಗೆ ಹೊಸ ಸೀಟ್ ಕವರ್, ಎರಡು ಏರ್‌ಬ್ಯಾಗ್ ಇದೆ ಮೇಡಂ ಅಂತ ಸ್ಟೇರಿಂಗ್ ಮೇಲಿನ ಅಕ್ಷರ ತೋರಿಸಿದ್ರು. ಅಡ್ವಾನ್ಸ್ ಕೊಡೋಕೆ ರೆಡಿ ಆಗಿದ್ದೆ ನಾನು. ಅಣ್ಣ ಮಾತಾಡ್ದೆ ಒಳಗೆ ಕೂತು ಕೀ ತಿರುಗಿಸಿದ್ರು, ಸ್ಟಾರ್ಟ್ ಮಾಡ್ಲಿಲ್ಲ, ಬರೀ ಆನ್. ಮೀಟರಲ್ಲಿ ಇಂಜಿನ್ ಲೈಟ್, ಎಬಿಎಸ್ ಲೈಟ್, ಆಯಿಲ್ ಲೈಟ್ ಎಲ್ಲ ಹತ್ತಿದ್ವು. "ಅಕ್ಕ, ಇಲ್ಲಿ ನೋಡಿ, ಏರ್‌ಬ್ಯಾಗ್‌ದು ಹತ್ತಿಲ್ಲ. ಕೀ ಆನ್ ಮಾಡಿದಾಗ ಅದು ಹತ್ತಿ ನಾಲ್ಕೈದು ಸೆಕೆಂಡಿಗೆ ಆರ್ಬೇಕು. ಆರ್ದೇ ಉಳಿದ್ರೆ ಏನೋ ಕೆಟ್ಟಿದೆ ಅಂತ. ಹತ್ತಲೇ ಇಲ್ಲ ಅಂದ್ರೆ ಯಾರೋ ಅದನ್ನ ಕಿತ್ತಿರೋ ಚಾನ್ಸೇ ಜಾಸ್ತಿ."

ಆಮೇಲೆ ಡ್ರೈವರ್ ಸೀಟಿನ ಬೆಲ್ಟನ್ನ ಪೂರ್ತಿ ಹೊರಗೆ ಎಳೆದ್ರು. ಅದರ ತುದೀಲಿ ಒಂದು ಲೇಬಲ್ ಹೊಲಿದಿರ್ತಾರೆ, ತಯಾರಾದ ಡೇಟ್ ಇರುತ್ತೆ, ಪಕ್ಕದ ಸೀಟಿನ ಬೆಲ್ಟಿಗಿಂತ ಇದು ಎರಡು ವರ್ಷ ಹೊಸದು. ಸ್ಟೇರಿಂಗ್ ಮಧ್ಯದ ಮುಚ್ಚಳದ ಅಂಚಲ್ಲಿ ಕೂದಲೆಳೆಯಷ್ಟು ಗ್ಯಾಪ್, ಬೆರಳಾಡಿಸಿದ್ರೆ ಗೊತ್ತಾಗ್ತಿತ್ತು. ಜೋರಾಗಿ ಗುದ್ದಿ, ಏರ್‌ಬ್ಯಾಗ್ ಒಡೆದು, ಹೊಸದು ಹಾಕಿಸ್ದೆ ಬರೀ ಮುಚ್ಚಳ ಕೂರಿಸಿದಾರೆ ಅಂತ ಅಣ್ಣ ಹೇಳ್ದಾಗ ನನ್ ಕೈ ತಣ್ಣಗಾಯ್ತು. ನಾಳೆ ನನ್ನ ಮಗಳನ್ನ ಕೂರಿಸ್ಕೊಂಡು ಹೋಗೋ ಕಾರು ಅದು. ಯಾರ್ಡಿನವರು ನಮಗೇನೂ ಗೊತ್ತಿಲ್ಲ, ಬಂದಂಗೆ ಮಾರ್ತಿದೀವಿ ಅಂದ್ರು. ಜಗಳ ಆಡೋಕೂ ಬಾಯಿ ಬರ್ಲಿಲ್ಲ, ಹೊರಟ್ವಿ.

ಇನ್ನೂ ಮೂರು ನೋಡಿದ್ವಿ, ಒಂದಕ್ಕೆ ಸಾಲ ತೀರಿದೆ ಅಂತ ಬ್ಯಾಂಕ್ ಕೊಡೋ ಎನ್‌ಒಸಿ ಇರ್ಲಿಲ್ಲ, ಇನ್ನೊಂದು ರೇಟ್ ಆಗ್ಲಿಲ್ಲ, ಮೂರನೇದು ಬೇಡ ಅನ್ನಿಸ್ತು. ಮಧ್ಯಾಹ್ನದ ಮೇಲೆ ರಿಟೈರ್ಡ್ ಮೇಷ್ಟ್ರೊಬ್ಬರ ಮನೇಲಿ ಸಿಕ್ಕಿದ್ದು 2020ರ ಟಿಯಾಗೊ ಪೆಟ್ರೋಲ್. ಟಿಯಾಗೊ, ಕಾರನ್ನ ಗುದ್ಸಿ ಸೇಫ್ಟಿ ನೋಡೋ ಗ್ಲೋಬಲ್ ಎನ್‌ಕ್ಯಾಪ್ ಟೆಸ್ಟಲ್ಲಿ ದೊಡ್ಡೋರ ಸೇಫ್ಟಿಗೆ ನಾಲ್ಕು ಸ್ಟಾರ್ ತಗೊಂಡಿದ್ದ ಕಾರು ಅಂತ ತಮ್ಮ ಮೊದಲೇ ಹೇಳಿದ್ದ. ಸರ್ವಿಸ್ ಬಿಲ್ಲುಗಳನ್ನೆಲ್ಲ ಮೇಷ್ಟ್ರು ಒಂದು ಫೈಲಲ್ಲಿ ಜೋಡಿಸಿಟ್ಟಿದ್ರು. ಕೀ ಆನ್ ಮಾಡಿದ್ವಿ, ಏರ್‌ಬ್ಯಾಗ್ ಲೈಟ್ ಹತ್ತಿ ಆರ್ತು. ಆ ಪುಟ್ಟ ಕೆಂಪು ಲೈಟ್ ಆರಿದ್ದು ನೋಡಿ ಅಷ್ಟು ಸಮಾಧಾನ ಆಗುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ.

ಖಾಲಿ ರೋಡಲ್ಲಿ ಅಣ್ಣ ನನ್ನ ಕೈಲೇ ಓಡಿಸಿದ್ರು, ಹಿಂದೆ ಯಾರೂ ಇಲ್ಲ ಅಂತ ನೋಡಿ "ಈಗ ಬ್ರೇಕ್ ಪೂರ್ತಿ ಒತ್ತಿ ಅಕ್ಕ" ಅಂದ್ರು. ಪೆಡಲ್ ಕಾಲಡಿ ಗಡಗಡ ಅಂತು, ನಾನು ಹೆದರಿ ಕಾಲು ತೆಗೆದ್ಬಿಟ್ಟೆ. ಅದೇ ಎಬಿಎಸ್ಸು, ಗಡಗಡ ಅಂದ್ರೆ ಕೆಲಸ ಮಾಡ್ತಿದೆ ಅಂತ, ಏನೇ ಆದ್ರೂ ಕಾಲು ತೆಗೀಬಾರ್ದು, ಒತ್ಕೊಂಡೇ ಸ್ಟೇರಿಂಗ್ ತಿರುಗಿಸಿ ಅಂತ ಇನ್ನೂ ಎರಡು ಸಲ ಮಾಡಿಸಿದ್ರು. ಡ್ರೈವಿಂಗ್ ಕ್ಲಾಸಲ್ಲಿ ಇದನ್ನ ಯಾರೂ ಹೇಳ್ಕೊಟ್ಟಿರ್ಲಿಲ್ಲ, ಹೊಸದಾಗಿ ಕಲಿಯೋ ಎಲ್ರಿಗೂ ಇದನ್ನ ಒಂದ್ಸಲ ಮಾಡಿಸ್ಲೇಬೇಕು.

ಟೈರ್ ಮೇಲೆ 3219 ಅಂತಿತ್ತು, ಅಂದ್ರೆ 2019ರ 32ನೇ ವಾರದ್ದು, ನಾಲ್ಕೂ ಬದಲಾಯಿಸ್ಬೇಕು. ಅದನ್ನೇ ಹೇಳಿ ಸ್ವಲ್ಪ ಇಳಿಸಿದ್ವಿ, ನಾಲ್ಕು ಲಕ್ಷದ ಐದು ಸಾವಿರಕ್ಕೆ ಮಾತಾಯ್ತು. ಕಾರನ್ನ ನನ್ನ ಹೆಸರಿಗೆ ಮಾಡ್ಸೋ ಫಾರಂ 29, 30ಕ್ಕೆ ಸೈನ್ ಆಯ್ತು, ಇನ್ಶೂರೆನ್ಸೂ 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸ್ಕೊಳ್ಳೋಕೆ ಮೇಷ್ಟ್ರೇ ನೆನಪು ಮಾಡಿದ್ರು.

ಹೊಸ ಟೈರ್ ಹಾಕಿಸಿದ ದಿನ ಅಪ್ಪನ್ನ, ಮಗಳನ್ನ ಹಿಂದೆ ಕೂರಿಸ್ಕೊಂಡೆ. ಹಿಂದಿನ ಸೀಟಿನ ಬೆಲ್ಟ್ ಬಕಲ್ ಸೀಟ್ ಕವರ್ ಅಡಿಗೆ ಸಿಕ್ಕಾಕೊಂಡಿತ್ತು, ಇಷ್ಟು ವರ್ಷ ಯಾರೂ ಹಾಕೇ ಇರ್ಲಿಲ್ಲ ಅನ್ಸುತ್ತೆ. ಅಪ್ಪ ಮಾತಾಡ್ದೆ ಕೈ ತೂರಿಸಿ ಹುಡುಕಿ ಹೊರಗೆ ಎಳೆದು, ಮೊದಲು ಮೊಮ್ಮಗಳಿಗೆ ಹಾಕಿ, ಆಮೇಲೆ ತಮಗೂ ಹಾಕ್ಕೊಂಡು, "ನಡಿ ಮಗ, ನಿಧಾನಕ್ಕೆ ಹೋಗು" ಅಂದ್ರು.