ಏಪ್ರಿಲ್–ಮೇನಲ್ಲಿ ಹಂಪಿ, ಬಾದಾಮಿ: ಬಿಸಿಲು, ಅಡ್ಡಮಳೆ ನೋಡಿಕೊಂಡು ಹೋಗುವುದು ಹೇಗೆ

ಮಕ್ಕಳಿಗೆ ರಜೆ ಸಿಗುವುದೇ ಏಪ್ರಿಲ್–ಮೇನಲ್ಲಿ, ಹಾಗಾಗಿ ಮನೆಮಂದಿಯೆಲ್ಲ ಹಂಪಿ, ಬಾದಾಮಿ, ಐಹೊಳೆಗೆ ಹೊರಡುವುದೂ ಆಗಲೇ. ಆ ಸೀಮೆ ವರ್ಷದಲ್ಲೇ ಹೆಚ್ಚು ಕಾಯುವುದೂ ಆಗಲೇ. ಮಧ್ಯಾಹ್ನ 38ರಿಂದ 41 ಡಿಗ್ರಿ ಮಾಮೂಲು. ಬೆಳಿಗ್ಗೆ ಹತ್ತಕ್ಕೆ ಲಾಡ್ಜ್ ಬಿಟ್ಟು, ಸಂಜೆ ಗುಡ್ಡದ ಮೇಲೆ ಸೂರ್ಯಾಸ್ತ ನೋಡಿ ಇಳಿಯುವುದು ಡಿಸೆಂಬರಿಗೆ ಸರಿ. ಈಗ ಹಾಗೆ ಮಾಡಿದರೆ ಹಗಲು ಬಿಸಿಲಿಗೂ ಸಂಜೆ ಸಿಡಿಲಿಗೂ ಮೈಯೊಡ್ಡಿದಂತೆ. ಬೆಳಿಗ್ಗೆ ಆರರಿಂದ ಹತ್ತೂವರೆ ತಿರುಗಾಟಕ್ಕೆ, ಹನ್ನೊಂದರಿಂದ ಮೂರೂವರೆ ನೆರಳಿಗೆ, ಅಲ್ಲಿಂದ ಮುಂದೆ ಊರೊಳಗೇ ಇರುವುದಕ್ಕೆ ಎಂದು ದಿನವನ್ನು ಹಂಚಿಕೊಳ್ಳಿ. ಸೂರ್ಯಾಸ್ತ ಬಿಡಿ, ಸೂರ್ಯೋದಯ ಹಿಡಿಯಿರಿ.

ಸಂಜೆ ಬರುವ ಈ ಅಡ್ಡಮಳೆ ಮುಂಗಾರಿನದಲ್ಲ. ವಿದರ್ಭದ ಕಡೆಯಿಂದ ಒಳನಾಡು ಕರ್ನಾಟಕದ ಮೇಲೆ ಹಾದು ದಕ್ಷಿಣಕ್ಕೆ ಚಾಚುವ ಕಡಿಮೆ ಒತ್ತಡದ ಪಟ್ಟಿ ಇದ್ದ ದಿನಗಳಲ್ಲಿ ಸಮುದ್ರದ ತೇವ ಇಲ್ಲಿಯವರೆಗೂ ಬರುತ್ತದೆ. ಕಾದ ನೆಲದಿಂದ ಏಳುವ ಗಾಳಿ ಆ ತೇವವನ್ನು ಹೊತ್ತು ಮೇಲೇರಿ ಮೋಡ ಕಟ್ಟುತ್ತದೆ. ನೆಲ ಅಷ್ಟು ಕಾಯಲು ಮಧ್ಯಾಹ್ನವಾಗಬೇಕು. ಅದಕ್ಕೇ ಗುಡುಗು ಹೆಚ್ಚಾಗಿ ಮೂರೂವರೆಯಿಂದ ರಾತ್ರಿ ಒಂಬತ್ತರೊಳಗೆ. ಮೋಡದ ಹರವು ಕೆಲವೇ ಕಿಲೋಮೀಟರ್, ಬಾದಾಮಿಯಲ್ಲಿ ಆಲಿಕಲ್ಲು ಬಿದ್ದ ಹೊತ್ತಿಗೆ 22 ಕಿ.ಮೀ. ಆಚೆಯ ಪಟ್ಟದಕಲ್ಲಿನಲ್ಲಿ ಧೂಳು ಹಾರುತ್ತಿರಬಹುದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಕಾಯುವುದು ಏಪ್ರಿಲ್ ಕೊನೆ, ಮೇ ಮೊದಲ ವಾರದ ಈ ಮಳೆಗೇ.

ಮುನ್ಸೂಚನೆ ಓದುವಾಗ ಪದಗಳನ್ನು ಗಮನಿಸಿ. ಹವಾಮಾನ ಇಲಾಖೆ 'ಒಂದೆರಡು ಕಡೆ' ಎಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕಾಲುಭಾಗದೊಳಗೆ ಮಾತ್ರ ಮಳೆ. 'ಕೆಲವು ಕಡೆ' ಎಂದರೆ ಶೇ 26ರಿಂದ 50. 'ಹಲವು ಕಡೆ' ಎಂದರೆ ಶೇ 51ರಿಂದ 75. ಮೊದಲನೆಯದಕ್ಕೆ ಪ್ರವಾಸ ಮುಂದೂಡಬೇಕಿಲ್ಲ, ಸಂಜೆ ಎಚ್ಚರವಿದ್ದರೆ ಸಾಕು. ಜಿಲ್ಲೆಗೆ ಕಿತ್ತಳೆ ಬಣ್ಣದ ಎಚ್ಚರಿಕೆ (ಆರೆಂಜ್ ಅಲರ್ಟ್) ಬಂದಿದ್ದರೆ ಆ ಸಂಜೆ ದೂರದ ರಸ್ತೆ ಹಿಡಿಯಬೇಡಿ. ಬೆಳಗಿನ ಮುನ್ಸೂಚನೆಗಿಂತ ಮಧ್ಯಾಹ್ನ ಎರಡರ ಮೇಲೆ ಮೂರು ತಾಸಿಗೊಮ್ಮೆ ಬರುವ ತತ್ಕಾಲ ಎಚ್ಚರಿಕೆಯೇ ಹೆಚ್ಚು ಉಪಯೋಗ. ಫೋನಿನಲ್ಲಿ 'ಮೌಸಮ್' ಜೊತೆ ಸಿಡಿಲಿನ ಎಚ್ಚರಿಕೆಗೆ 'ದಾಮಿನಿ' ಆ್ಯಪ್ ಇರಲಿ.

ಬಿಸಿಗಾಳಿಯ ಎಚ್ಚರಿಕೆ ಇಲ್ಲ ಎಂದರೆ ಬಿಸಿಲು ಕಡಿಮೆ ಎಂದಲ್ಲ. ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ, ಇಲ್ಲವೇ 45 ಡಿಗ್ರಿಯನ್ನೇ ಮುಟ್ಟಿದ್ದರೆ ಮಾತ್ರ ಆ ಹೆಸರು. ಇಲ್ಲಿ ವಾಡಿಕೆಯೇ 40ರ ಹತ್ತಿರ. ಅಲ್ಲದೆ ವರದಿಯಲ್ಲಿರುವುದು ನೆರಳಿನ ಪೆಟ್ಟಿಗೆಯೊಳಗೆ ಅಳೆದ ಗಾಳಿಯ ಬಿಸಿ, ನೀವು ಕಾಲಿಡುವ ಹಾಸುಬಂಡೆಯದಲ್ಲ. ದೇವಸ್ಥಾನಗಳಲ್ಲಿ ಚಪ್ಪಲಿ ಬಿಟ್ಟು ನಡೆಯಬೇಕು. ಹನ್ನೆರಡರ ಹೊತ್ತಿಗೆ ವಿರೂಪಾಕ್ಷ ಗುಡಿಯ ಅಂಗಳದಲ್ಲಿ ಮಕ್ಕಳು ತುದಿಗಾಲಲ್ಲಿ ಓಡುವುದು ಸುಮ್ಮನೆ ಅಲ್ಲ. ದಪ್ಪ ಹತ್ತಿಯ ಕಾಲುಚೀಲ ಒಬ್ಬೊಬ್ಬರಿಗೂ ಒಂದು ಜೊತೆ ಇಟ್ಟುಕೊಳ್ಳಿ.

ಹಂಪಿಗೆ ಹೊಸಪೇಟೆಯಿಂದ 13 ಕಿ.ಮೀ. ಐದಕ್ಕೆಲ್ಲ ಹೊರಟರೆ ಸೂರ್ಯ ಹುಟ್ಟುವ ಹೊತ್ತಿಗೆ ಮಾತಂಗ ಬೆಟ್ಟದ ಮೇಲಿರಬಹುದು. ಹತ್ತಲಾಗದವರಿಗೆ ಹೇಮಕೂಟ ಸಾಕು. ಏಳೂವರೆಗೆ ವಿರೂಪಾಕ್ಷ ಗುಡಿ, ಎಂಟೂವರೆಗೆ ವಿಠ್ಠಲ ದೇವಾಲಯ. ಅಲ್ಲಿ ಗಾಡಿ ನಿಲ್ಲಿಸುವ ಜಾಗದಿಂದ ಸುಮಾರು ಒಂದು ಕಿ.ಮೀ. ಬಯಲು, ಬ್ಯಾಟರಿ ಗಾಡಿಯ ಸರದಿ ಹತ್ತರ ಮೇಲೆ ಬಿಸಿಲಲ್ಲೇ ಬೆಳೆಯುತ್ತದೆ. ಅದೇ ಟಿಕೆಟ್ ಅದೇ ದಿನ ಕಮಲಮಹಲಿನ ಆವರಣಕ್ಕೂ ನಡೆಯುತ್ತದೆ, ಬಿಸಾಡಬೇಡಿ. 575 ಮೆಟ್ಟಿಲಿನ ಅಂಜನಾದ್ರಿಗೆ ಇನ್ನೊಂದು ಬೆಳಗನ್ನೇ ಮೀಸಲಿಡಿ. ಗಾಳಿ ಎದ್ದಾಗ ಹರಿಗೋಲು ಹತ್ತಬೇಡಿ.

ಬಾದಾಮಿಯಿಂದ ಎಲ್ಲರೂ ಮೊದಲು ಪಟ್ಟದಕಲ್ಲು, ಆಮೇಲೆ ಐಹೊಳೆ ಎಂದು ಹೋಗುತ್ತಾರೆ. ಬೇಸಿಗೆಯಲ್ಲಿ ಇದನ್ನು ತಿರುಗಿಸಿ. 634ರ ರವಿಕೀರ್ತಿಯ ಶಾಸನವಿರುವ ಐಹೊಳೆಯ ಮೇಗುತಿ ಗುಡ್ಡದಲ್ಲಿ ನೆರಳೇ ಇಲ್ಲ, ಅದು ಎಂಟರೊಳಗೆ ಮುಗಿಯಬೇಕು. ಪಟ್ಟದಕಲ್ಲಿನಲ್ಲಿ ಹುಲ್ಲು, ಮರ, ಒಳಗೆ ತಂಪಾದ ದೊಡ್ಡ ಮಂಟಪ ಇವೆ, ಹತ್ತರ ಬಿಸಿಲಿಗೂ ತಡೆಯುತ್ತದೆ. ಹನ್ನೆರಡಕ್ಕೆ ಬನಶಂಕರಿಗೆ ಬಂದರೆ ಬುಟ್ಟಿ ಹೊತ್ತ ಅಮ್ಮಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ಆ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ; ಮಿರ್ಚಿ ಭಜ್ಜಿ ರಾತ್ರಿಗಿರಲಿ. ಬಾದಾಮಿಯ ನಾಲ್ಕು ಗುಹೆಗಳ ಒಳಗೆ ನೆರಳಿದೆ, ಆದರೆ ನಡುವಿನ ಮೆಟ್ಟಿಲು ಸುಡುತ್ತದೆ, ಕೋತಿಗಳು ಕೈಯಲ್ಲಿನ ನೀರಿನ ಬಾಟಲಿಗೇ ಬರುತ್ತವೆ. ನೀರು ಚೀಲದೊಳಗೆ, ಜಿಪ್ ಹಾಕಿ. ವಿಜಯಪುರಕ್ಕೆ ಹೋಗುವವರು ಗೋಳಗುಮ್ಮಟವನ್ನು ಬೆಳಿಗ್ಗೆಯೇ ಹತ್ತಿ: ಮಿನಾರಿನ ಏಳು ಅಂತಸ್ತಿನ ಇಕ್ಕಟ್ಟಾದ ಮೆಟ್ಟಿಲಲ್ಲಿ ಗಾಳಿಯಾಡುವುದಿಲ್ಲ.

ನೀರು ಬೆಳಗಿನ ತಿರುಗಾಟಕ್ಕೇ ತಲೆಗೆ ಎರಡು ಲೀಟರ್, ಬಾಯಾರುವ ಮೊದಲೇ ಸ್ವಲ್ಪ ಸ್ವಲ್ಪ ಕುಡಿಯಿರಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಓಆರ್‌ಎಸ್ ಪೊಟ್ಟಣ ಒಂದು ಲೀಟರಿನದೋ 200 ಮಿ.ಲೀ.ನದೋ ನೋಡಿ ಅಷ್ಟೇ ನೀರಿಗೆ ಕರಗಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಮಟ್ಟಸವಾಗಿ. ತಲೆಸುತ್ತು, ವಾಕರಿಕೆ ಬಂದರೆ ಆ ದಿನದ ತಿರುಗಾಟ ಅಲ್ಲಿಗೆ ಮುಗಿಯಿತು. ಮಾತು ತೊದಲಿ, ಎಲ್ಲಿದ್ದೇವೆಂಬ ಅರಿವು ತಪ್ಪಿ, ಮೈ ಕಾದಿದ್ದರೆ ಅದು ಬಿಸಿಲಾಘಾತ: 108ಕ್ಕೆ ಕರೆ ಮಾಡಿ, ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಸಿಡಿಲಿನ ವಿಷಯದಲ್ಲಿ ಹೆಚ್ಚು ಜನ ತಪ್ಪುವುದು ಒಂದೇ ಕಡೆ. ದಿನವೆಲ್ಲ ಬೆಂದ ಮೈಗೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಆಹಾ ಎಂದು ಬಂಡೆಯ ಮೇಲೆಯೇ ಕೂರುತ್ತಾರೆ. ಆ ತಂಪು ಮಳೆಮೋಡದಿಂದ ಕೆಳಗಿಳಿದು ಮುಂದೆ ನುಗ್ಗಿ ಬಂದ ಗಾಳಿ. ಮೋಡ ಹತ್ತಿರ ಬಂದಿದೆ ಎಂದರ್ಥ. ತಂಪು ಗಾಳಿ ಸೋಕಿದ ಕ್ಷಣವೇ ಗುಡ್ಡ ಇಳಿಯಲು ಶುರುಮಾಡಿ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟರಲ್ಲಿ ಸದ್ದು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ಕಂಬಗಳ ಮೇಲೆ ನಿಂತ ತೆರೆದ ಕಲ್ಲುಮಂಟಪ ಮಳೆ ತಡೆಯುತ್ತದೆ, ಸಿಡಿಲನ್ನಲ್ಲ. ಹುಣಸೆ, ಬೇವಿನ ಬುಡವೂ ಬೇಡ. ಗೋಡೆ ಸುತ್ತಲೂ ಇರುವ ಕಟ್ಟಡ, ಇಲ್ಲವೇ ಗಾಜು ಏರಿಸಿದ ಕಾರು ಸರಿ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಕಾದು ಹೊರಬನ್ನಿ.

ಹಂಪಿ–ಬಾದಾಮಿ ನಡುವಿನ ಸುಮಾರು 140 ಕಿ.ಮೀ. ಬೆಳಿಗ್ಗೆಯೇ ಮುಗಿಸಿ. ಟೈರಿನ ಗಾಳಿಯನ್ನು ಹೊರಡುವ ಮೊದಲು, ತಣ್ಣಗಿರುವಾಗ ನೋಡಿಸಿ. ಓಡಿ ಕಾದ ಟೈರಿನಲ್ಲಿ ಹೆಚ್ಚು ತೋರಿಸಿತೆಂದು ಗಾಳಿ ಬಿಟ್ಟರೆ ಆಮೇಲೆ ಕಡಿಮೆಯಾಗುತ್ತದೆ. ಮಧ್ಯಾಹ್ನ ಮರದ ಕೆಳಗೆ ನಿಲ್ಲಿಸಿದ ಕಾರನ್ನು ನಾಲ್ಕರೊಳಗೆ ತೆಗೆಯಿರಿ, ಬಿರುಗಾಳಿಗೆ ಕೊಂಬೆ ಮುರಿಯುತ್ತದೆ. ರೂಮು ಮೇಲಿನ ಮಹಡಿಯಲ್ಲಿ ಬೇಡ: ತಾರಸಿ ಹಗಲು ಕುಡಿದ ಬಿಸಿಯನ್ನು ನಡುರಾತ್ರಿವರೆಗೆ ಒಳಗೆ ಬಿಡುತ್ತದೆ. ಗಾಳಿಗೆ ಕರೆಂಟು ಹೋಗುವುದು ಖಂಡಿತ, ಹಾಗಾಗಿ ಫ್ಯಾನಿಗೆ ಇನ್ವರ್ಟರ್ ಇದೆಯೇ ಎಂದು ಮೊದಲೇ ಕೇಳಿ.

ಮಳೆ ಬಂದ ಮರುದಿನದ ಬೆಳಗು ಈ ಪ್ರವಾಸದಲ್ಲೇ ಅತ್ಯುತ್ತಮ. ಧೂಳು ಕೂತು, ಬಾದಾಮಿಯ ಕೆಂಪು ಬಂಡೆ ಗಾಢವಾಗಿ ಅಗಸ್ತ್ಯ ತೀರ್ಥದ ಕೆರೆ ನೀರಿನಲ್ಲಿ ಕಾಣುತ್ತದೆ. ಬೇರೆ ಏನಿದ್ದರೂ ಬದಿಗಿಟ್ಟು ಆ ಬೆಳಗನ್ನು ಕೆರೆ ದಂಡೆಯ ಭೂತನಾಥ ಗುಡಿಗೆ ಕೊಡಿ. ಕಲ್ಲು ಒಣಗುವವರೆಗೆ ಜಾರುತ್ತದೆ, ಹಿಡಿತವಿರುವ ಶೂ ಹಾಕಿಕೊಂಡು ಹೋಗಿ.