ವ್ಯಾನೋ ಟ್ರೇಲರೋ: ಬಾಲ ಅಲ್ಲಾಡೋದು ನಿಂತಿತು, ಉತ್ತರವೂ ಸಿಕ್ಕಿತು

ಹಳ್ಳಿಗಳಿಂದ ಹಳೇ ಡೀಸೆಲ್ ಎಂಜಿನ್ ತಂದು ರಿಪೇರಿ ಮಾಡುತ್ತೇನೆ. ಅವನ್ನು ಸಾಗಿಸಲು ವ್ಯಾನ್ ಒಳ್ಳೆಯದೋ, ಗಾಡಿಯ ಹಿಂದೆ ಕಟ್ಟುವ ಟ್ರೇಲರೋ ಅನ್ನೋದು ನನ್ನ ಪ್ರಶ್ನೆಯಾಗಿತ್ತು. ಕೊನೆಗೂ ಟ್ರೇಲರ್ ನೆಟ್ಟಗೆ ಓಡಿತು. ಕಾರಟಗಿ ದಾಟಿ ಸಿಂಧನೂರು ಕಡೆ ಹೋಗುವ ರಸ್ತೆ, ಒಳಗೆ 340 ಕೆಜಿ ಎಂಜಿನ್, ವೇಗ 50. ಭತ್ತದ ಲಾರಿ ಪಕ್ಕದಲ್ಲೇ ಗಾಳಿ ಹೊಡೆದುಕೊಂಡು ಹೋದರೂ ಬಾಲ ಅಲ್ಲಾಡಲಿಲ್ಲ. ಆ ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಎಂಜಿನ್ ಹಳೇ ಲಿಸ್ಟರ್ (ಇಂಗ್ಲೆಂಡಿನ ಕಂಪನಿ) ಮಾದರಿಯ ಡೀಸೆಲ್. ಒಂದೇ ಸಿಲಿಂಡರ್, 6 ಎಚ್‌ಪಿ, 650 ಆರ್‌ಪಿಎಂ, ಎರಡು ದೊಡ್ಡ ಫ್ಲೈವೀಲ್, ಅಂದರೆ ಓಟ ಸಮವಾಗಿಡುವ ಭಾರದ ಚಕ್ರ. ಹಿಟ್ಟಿನ ಗಿರಣಿಯಲ್ಲಿ ದುಡಿದು, ಕರೆಂಟ್ ಮೋಟರ್ ಬಂದ ಮೇಲೆ ಮೂಲೆ ಸೇರಿದ್ದು. ಹೆಡ್ ಬಿಚ್ಚಿದ್ದು, ವಾಲ್ವ್ ಉಜ್ಜಿದ್ದು, ನಾಝಲ್ (ಸಿಲಿಂಡರಿಗೆ ಇಂಧನ ಚಿಮ್ಮಿಸುವ ಮೂತಿ) ಪರೀಕ್ಷೆ ಮಾಡಿದ್ದು ಎಲ್ಲ ನಿಮಗೆ ಗೊತ್ತಿರೋದೇ, ಬಿಡುತ್ತೇನೆ. ನನ್ನ ತಲೆನೋವು ಸಾಗಾಟದ್ದು. ಇಂಥ ಎಂಜಿನ್‌ಗಳು ಇರುವುದು ಮಾನ್ವಿ, ಲಿಂಗಸುಗೂರು, ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ, ನನ್ನ ಶೆಡ್ ಇರುವುದು ಗಂಗಾವತಿಯಲ್ಲಿ. ಬಾಡಿಗೆಗೆ ಟಾಟಾ ಏಸ್ ಕರೆಯೋಣ ಅಂದರೆ ಸುಗ್ಗಿ ಕಾಲದಲ್ಲಿ ಒಂದೂ ಖಾಲಿ ಇರುವುದಿಲ್ಲ. ಎಲ್ಲವೂ ಭತ್ತದ ಹಿಂದೆ ಹೋಗಿರುತ್ತವೆ.

ಮೊದಲು ವ್ಯಾನ್ ವಿಷಯ ಮುಗಿಸಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಓಮ್ನಿ ಯಾರಿಗೆ ತಾನೇ ಇಷ್ಟ ಇಲ್ಲ? 796 ಸಿಸಿ, ಹಿಂದಿನ ಚಕ್ರಕ್ಕೆ ಎಳೆತ, ಹಿಂದೆ ಪಟ್ಟಿ ಸ್ಪ್ರಿಂಗ್, ಸಂದಿಯಲ್ಲಿ ನುಗ್ಗುತ್ತದೆ, ರಿವರ್ಸ್ ತೆಗೆಯೋದು ಸಲೀಸು. ಆದರೆ ತಯಾರಿಕೆ 2019ರಲ್ಲೇ ನಿಂತಿದೆ. ಕೈಗೆಟುಕುವ ಬೆಲೆಯವು 15 ವರ್ಷದ ಆಸುಪಾಸಿನವು, ಅಂದರೆ ಆರ್‌ಸಿ ನವೀಕರಣದ ಖರ್ಚು ನಮ್ಮ ತಲೆಗೇ. ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಎಷ್ಟೋ ಓಮ್ನಿಗಳು ಗೊಬ್ಬರದ ಚೀಲ ಹೊತ್ತಿರುತ್ತವೆ. ಮ್ಯಾಟ್ ಎತ್ತಿ ನೋಡಿ, ಗೊಬ್ಬರ ಉದುರಿ ತಳದ ತಗಡು ತಿಂದಿರುತ್ತದೆ. ಮೇಲಿನ ಪೇಂಟ್ ಮಾತ್ರ ಫಳಫಳ. ಮಾರುವವರು ಮ್ಯಾಟ್ ಎತ್ತಲು ಒಪ್ಪದಿದ್ದರೆ ಅಲ್ಲೇ ಕೈಮುಗಿದು ಬನ್ನಿ.

ಮಾರುತಿಯದೇ ಇನ್ನೊಂದು ವ್ಯಾನ್ ಈಕೋ ಇದಕ್ಕಿಂತ ವಾಸಿ. ಆದರೂ ವ್ಯಾನ್ ಬೇಡ ಅನಿಸಿದ್ದಕ್ಕೆ ಬೇರೆ ಕಾರಣ ಇದೆ. ವ್ಯಾನಿನಲ್ಲಿ ಎಂಜಿನ್ ಕೂರುವುದು ನನ್ನ ಬೆನ್ನ ಹಿಂದೆ. ಜೋರಾಗಿ ಬ್ರೇಕ್ ಹಾಕಿದಾಗ, 0.8 ಜಿ (ಗುರುತ್ವದ 0.8 ಪಟ್ಟು) ಅಂದುಕೊಂಡರೂ, 340 ಕೆಜಿ ವಸ್ತು ಸುಮಾರು 270 ಕೆಜಿ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಡಿಕ್ಕಿಯಾದರೆ ಇದರ ಎಷ್ಟೋ ಪಟ್ಟು. ನಡುವೆ ಇರುವುದು ಸೀಟಿನ ಸ್ಪಂಜು ಮತ್ತು ತೆಳು ತಗಡು. ಸೀಟು ಕಿತ್ತು ಕಬ್ಬಿಣದ ಗೋಡೆ ಬೆಸೆಯೋಣ ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಆರ್‌ಸಿಯಲ್ಲಿ ಇರುವುದನ್ನು ನಮಗೆ ಬೇಕಾದಂತೆ ಬದಲಾಯಿಸುವ ಹಾಗಿಲ್ಲ. ಜೊತೆಗೆ ಎತ್ತುವ ಕೆಲಸ. ವ್ಯಾನಿನ ತಳಕ್ಕೆ ಏರಿಸಬೇಕಾದರೆ ಚೈನ್ ಪುಲ್ಲಿ, ಮೂರು ಕಾಲಿನ ಸ್ಟ್ಯಾಂಡ್, ನಾಲ್ಕು ಜನ ಬೇಕು. ತಗ್ಗು ತಳದ ಟ್ರೇಲರ್ ಆದರೆ ಎರಡು ಹಲಗೆ ಇಳಿಜಾರು ಹಾಕಿ, ಪೈಪಿನ ಮೇಲೆ ಉರುಳಿಸಿ, ಇಬ್ಬರೇ ಒಳಗೆ ತಳ್ಳಬಹುದು.

ಗೆಳೆಯರೊಬ್ಬರು ಸೌಂಡ್ ಸಿಸ್ಟಮ್ ಸಾಗಿಸುವ ಬಾಕ್ಸ್ ಟ್ರೇಲರ್ ಇಟ್ಟಿದ್ದಾರೆ, ನೋಂದಣಿ ಆದದ್ದು. ಅದನ್ನೇ ಕೇಳಿ ತಂದು ನನ್ನ ಬೊಲೆರೊಗೆ ಕಟ್ಟಿದೆ. ಖಾಲಿ ಟ್ರೇಲರ್ ಗಂಗೆಯ ಹಾಗೆ ತಣ್ಣಗೆ ಬಂತು. ಎಂಜಿನ್ ಏರಿಸಿ 40 ದಾಟಿದ್ದೇ ತಡ, ಹಿಂದಿನಿಂದ ಯಾರೋ ಎಡಕ್ಕೆ ಬಲಕ್ಕೆ ಎಳೆದಂತೆ ಶುರುವಾಯಿತು. ನಮ್ಮ ಎರೆ ನೆಲದ ರಸ್ತೆ ನಿಮಗೆ ಗೊತ್ತಲ್ಲ, ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಅಲೆಅಲೆಯಾಗಿರುತ್ತದೆ. ಪ್ರತಿ ಅಲೆಗೂ ಬಾಲ ಇನ್ನಷ್ಟು ಬೀಸುತ್ತಿತ್ತು. ಬ್ರೇಕ್ ತುಳಿದರೆ ಟ್ರೇಲರ್ ಹಿಂದಿನಿಂದ ನೂಕಿ ಇನ್ನೂ ಕೆಡುತ್ತದೆ. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ಗಟ್ಟಿಯಾಗಿ ನೆಟ್ಟಗೆ ಹಿಡಿದು, ತಾನಾಗೇ ನಿಧಾನ ಆಗಲು ಬಿಡಬೇಕು. ಇದನ್ನು ಓದಿ ತಿಳಿದುಕೊಂಡಿದ್ದು ಆ ಹೊತ್ತಿಗೆ ಕೈ ಹಿಡಿಯಿತು.

ಟೈರಿನ ಗಾಳಿ ನೋಡಿದೆ, ಸರಿ ಇತ್ತು. ಜಾಕ್ ಹಾಕಿ ಚಕ್ರ ಅಲ್ಲಾಡಿಸಿದೆ, ಬೇರಿಂಗ್ ಆಟ ಇಲ್ಲ. ಕಪ್ಲರ್, ಅಂದರೆ ಬೊಲೆರೊ ಹಿಂದಿನ ಕಬ್ಬಿಣದ ಗುಂಡನ್ನು ಹಿಡಿಯುವ ಟ್ರೇಲರಿನ ಕೊಂಡಿ, ಅದರ ಹತ್ತಿರ ಮಾತ್ರ ಲಟಲಟ ಸದ್ದು. ಅಲ್ಲಿ ಸಿಕ್ಕಿದ್ದು ಅಂಗಡಿಯವರ ಕರಾಮತ್ತು. ಕಪ್ಲರ್ ಮೇಲೆ 2 ಇಂಚು ಅಂತ ಅಚ್ಚು ಇದೆ, ನಾನು ಕೇಳಿದ್ದೂ 2 ಇಂಚಿನ ಗುಂಡೇ, ಬಿಲ್ಲಿನಲ್ಲಿ ಬರೆದಿದ್ದೂ ಅದೇ. ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದರೆ 50.0 ಮಿಮೀ! 2 ಇಂಚು ಅಂದರೆ 50.8. ಫೋನ್ ಮಾಡಿದರೆ, "ಎರಡೂ ಒಂದೇ ಸರ್, ಎಲ್ಲರೂ ಅದನ್ನೇ ಹಾಕೋದು" ಅಂತ ಉತ್ತರ. ಒಂದೇ ಅಲ್ಲ. ಆ 0.8 ಮಿಮೀ ಸಡಿಲದಲ್ಲಿ ಗುಂಡು ರಸ್ತೆಯ ಪ್ರತಿ ತಗ್ಗಿಗೂ ಬಡಿಯುತ್ತದೆ, ಸವೆಯುತ್ತದೆ, ಒಂದು ದಿನ ಕಳಚಿಕೊಂಡರೆ ಹಿಂದೆ ಬರುವ ಬೈಕಿನವರ ಗತಿ ಏನು? ವಾಪಸ್ ತಗೊಳ್ಳಲು ಕುಂಟು ನೆಪ, ಕೊರಿಯರ್ ಖರ್ಚು ನಮ್ಮದೇ. ಬಳ್ಳಾರಿಯಲ್ಲಿ ಸರಿ ಅಳತೆಯದು ಸಿಕ್ಕಿತು. ಕೊಳ್ಳುವಾಗ ವರ್ನಿಯರ್ ಜೇಬಿನಲ್ಲೇ ಇರಲಿ. ಸುರಕ್ಷಾ ಚೈನ್ ಎರಡನ್ನೂ ಕಪ್ಲರ್ ಕೆಳಗೆ ಅಡ್ಡಡ್ಡ ಹಾಯಿಸಿ ಕಟ್ಟಿ. ಕಳಚಿದರೆ ಮೂಗು ರಸ್ತೆಗೆ ನಾಟದೆ ಚೈನ್ ಮೇಲೆ ಕೂರುತ್ತದೆ.

ಸದ್ದು ಹೋಯಿತು. ಬಾಲ ಅಲ್ಲಾಡೋದು ಹಾಗೇ ಇತ್ತು.

ಆಮೇಲೆ ತೂಕ ಹಾಕಿದ್ದು. ಒಟ್ಟು ತೂಕಕ್ಕೆ ಲಾರಿ ಕಾಟಾ ಸಾಕು: ಖಾಲಿ 310, ಎಂಜಿನ್ ಸೇರಿ 650. ಮೂಗಿನ ಭಾರ, ಅಂದರೆ ಕಪ್ಲರ್ ಗುಂಡಿನ ಮೇಲೆ ಒತ್ತುವ ತೂಕ, ಲಾರಿ ಕಾಟಾದಲ್ಲಿ ಸಿಗುವುದಿಲ್ಲ. ಅದು 5 ಅಥವಾ 10 ಕೆಜಿ ಹೆಜ್ಜೆಯಲ್ಲಿ ಜಿಗಿಯುತ್ತದೆ. ಪರಿಚಯದ ರೈಸ್ ಮಿಲ್ಲಿನಲ್ಲಿ 75 ಕೆಜಿ ಭತ್ತದ ಚೀಲ ತೂಗುವ ಚಿಕ್ಕ ಕಾಟಾ ಇದೆ. ಅದರ ಮೇಲೆ ಮರದ ತುಂಡು ನಿಲ್ಲಿಸಿ, ಟ್ರೇಲರ್ ಮಟ್ಟವಾಗಿರುವಂತೆ ಮೂಗು ಇಳಿಸಿದೆವು. ಬಂದದ್ದು 20 ಕೆಜಿ! ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರಬೇಕು, ಅಂದರೆ ಕನಿಷ್ಠ 65. ಹಮಾಲಿ ಅಣ್ಣ ಒಬ್ಬರು ನೋಡಿ, "ಹಿಂಭಾರ ಆಗೈತ್ರಿ ಸರ, ಬಂಡಿ ಆದ್ರ ನೊಗಾನ ಎದ್ದು ನಿಲ್ತಿತ್ತು" ಅಂದರು. ಸರಿಯಾದ ಮಾತು.

ಹಿಂಭಾರ ಆದದ್ದು ಯಾಕೆ ಅಂದರೆ, ಕಟ್ಟುವ ಬಳೆಗಳನ್ನು ಬೆಸೆದಿರುವುದೇ ಆಕ್ಸಲ್‌ನಿಂದ ಹಿಂದೆ. ಸ್ಪೀಕರ್ ಪೆಟ್ಟಿಗೆಗೆ ಅದು ನಡೆಯುತ್ತದೆ, ಎಂಜಿನ್‌ಗೆ ಅಲ್ಲ. ಬೇರೆಯವರ ಟ್ರೇಲರ್, ಬೆಸುಗೆ ಮುಟ್ಟಲು ಮನಸ್ಸಿಲ್ಲ. ಅದಕ್ಕೆ ಫ್ಲೈವೀಲ್ ಎರಡೂ ಬಿಚ್ಚಿ ಮುಂದಿನ ಗೋಡೆಗೆ ಒರಗಿಸಿ ಕಟ್ಟಿದೆ. ಗಿಬ್ ಕೀ (ಫ್ಲೈವೀಲನ್ನು ಶಾಫ್ಟಿಗೆ ಬಿಗಿಯುವ ಬೆಣೆ) ಎಳೆಯೋದರಲ್ಲೇ ಜೀವ ಹೋಯಿತು, ಅದೇ ಬೇರೆ ಕಥೆ. ಮೂಗಿನ ಭಾರ 70ಕ್ಕೆ ಬಂತು. ಲೆಕ್ಕದ ಪ್ರಕಾರ ಮುಗಿಯಬೇಕಿತ್ತು ಅಲ್ವಾ? ಅಲ್ಲಾಟ ಶುರುವಾಗುವುದು ಕಡಿಮೆ ಆಯಿತು ನಿಜ, ಆದರೆ ಒಮ್ಮೆ ಶುರುವಾದರೆ ನಿಲ್ಲಲು ಮೊದಲಿಗಿಂತ ಜಾಸ್ತಿ ಹೊತ್ತು.

ಇದು ನನ್ನನ್ನು ತುಂಬಾ ಕಾಡಿತು. ಅರ್ಥ ಆದ ಮೇಲೆ ಎಷ್ಟು ಚೆಂದ ಇದೆ ಅನಿಸಿತು. ಮೂಗಿನ ಭಾರ ಸರಿ ಇದ್ದರೆ ಸಾಲದು, ತೂಕ ಆಕ್ಸಲ್ ಹತ್ತಿರ ಗುಂಪಾಗಿ ಇರಬೇಕು. ಮುಂದೊಂದಿಷ್ಟು ಹಿಂದೊಂದಿಷ್ಟು ಹಂಚಿದರೆ ಟ್ರೇಲರ್ ಫ್ಲೈವೀಲ್ ಥರ ಆಗಿಬಿಡುತ್ತದೆ, ತಿರುಗಲು ಶುರುವಾದರೆ ನಿಲ್ಲಲು ಒಲ್ಲೆ ಅನ್ನುತ್ತದೆ. ಬದಲಿಗೆ ಎಂಜಿನ್ನನ್ನು ಇಡಿಯಾಗಿ ಮುಂದೆ ಸರಿಸಬೇಕು. ಎಷ್ಟು? ಆಕ್ಸಲ್‌ನಿಂದ ಕಪ್ಲರ್ ಗುಂಡಿನ ತನಕ 2.2 ಮೀಟರ್. ಮೂಗಿಗೆ ಇನ್ನೂ 50 ಕೆಜಿ ಬೇಕು. 50 ಗುಣಿಸು 2.2, ಭಾಗಿಸು 340. ಸುಮಾರು 32 ಸೆಂಟಿಮೀಟರ್. ಒಂದು ಅಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ!

ಗೆಳೆಯರನ್ನು ಕೇಳಿ, ಅವರ ಒಪ್ಪಿಗೆ ತಗೊಂಡು, ತಳದ ಅಡ್ಡಪಟ್ಟಿಗೆ ಬೋಲ್ಟ್ ಹಾಕಿ ಸಿ ಚಾನೆಲ್ (ಸಿ ಆಕಾರದ ಕಬ್ಬಿಣದ ಪಟ್ಟಿ) ಕೂರಿಸಿ, ಎಂಜಿನ್ ಅಷ್ಟು ಮುಂದೆ ಸರಿಸಿದೆ. ಫ್ಲೈವೀಲ್ ವಾಪಸ್ ಎಂಜಿನ್‌ಗೆ ಹಾಕಿ, ಬುಡದ ನಾಲ್ಕೂ ಮೂಲೆಗೆ ಮರದ ಅಡ್ಡೆ ಕೊಟ್ಟು, ಬುಡಕ್ಕೇ ರ‍್ಯಾಚೆಟ್ ಬೆಲ್ಟ್ ಬಿಗಿದೆ. ಫ್ಲೈವೀಲ್‌ಗೆ ಬೆಲ್ಟ್ ಹಾಕಬೇಡಿ, ಅದು ತಿರುಗಿದರೆ ಬಿಗಿ ಸಡಿಲ ಆಗುತ್ತದೆ. ಚಿಕ್ಕ ಕಾಟಾದಲ್ಲಿ 69 ತೋರಿಸಿತು. ಆಮೇಲಿನದು ಮೊದಲೇ ಹೇಳಿದೆನಲ್ಲ.

ಎಂಜಿನ್ ಶೆಡ್ಡಿಗೆ ಬಂದ ಮೇಲೆ ಅದರದೇ ಕನಸು ಬೇರೆ ಇದೆ. ಹೊಂಗೆ ಎಣ್ಣೆಯಲ್ಲಿ ಓಡಿಸಬೇಕು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಸಣ್ಣ ಡೀಸೆಲ್ ಎಂಜಿನ್ ಒಂದನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ನಮ್ಮ ಜಿಲ್ಲೆಗಳಲ್ಲಿ ಶೇಂಗಾ ಊಟಕ್ಕೆ ಬೇಕು, ಹೊಂಗೆ ಬೀಜ ಬದುವಿನಲ್ಲಿ ಉದುರಿ ಬಿದ್ದಿರುತ್ತದೆ. ಎಣ್ಣೆ ಮಂದ, ಹಾಗಾಗಿ ಡೀಸೆಲ್‌ನಲ್ಲಿ ಶುರು ಮಾಡಿ, ಸೈಲೆನ್ಸರ್ ಪೈಪಿನ ಬಿಸಿಯಲ್ಲಿ ಎಣ್ಣೆ ಕಾಯಿಸಿ, ಆಮೇಲೆ ಬದಲಾಯಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಡೀಸೆಲ್‌ಗೆ ತರಬೇಕು, ಇಲ್ಲದಿದ್ದರೆ ನಾಝಲ್ ಅಂಟುತ್ತದೆ. ಎರಡು ಟ್ಯಾಂಕ್, ನಡುವೆ ಮೂರು ದಾರಿಯ ವಾಲ್ವ್. ಹಿತ್ತಾಳೆ ವಾಲ್ವ್ ತಂದಿಟ್ಟಿದ್ದೇನೆ.

ಟ್ರೇಲರಿಗೆ ಬರೋಣ. ನನ್ನ ಆಯ್ಕೆ ಟ್ರೇಲರ್, ಅದರಲ್ಲಿ ಅನುಮಾನ ಇಲ್ಲ. ಆದರೆ ಟ್ರ್ಯಾಕ್ಟರ್ ಟ್ರಾಲಿ ಮಾಡುವವರ ಹತ್ತಿರ ಸುಮ್ನೆ ಮಾಡಿಸಿಕೊಂಡು ರಸ್ತೆಗೆ ಇಳಿಸುವುದಿಲ್ಲ. ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಬೇರೆಯದೇ ವಾಹನ. ಅದಕ್ಕೆ ಅದರದೇ ನೋಂದಣಿ, ಅದರದೇ ನಂಬರ್ ಪ್ಲೇಟ್ ಬೇಕು, ಮಾದರಿಗೆ ಮಂಜೂರಾತಿ ಬೇಕು. ಸ್ಪೀಕರ್ ಪೆಟ್ಟಿಗೆ ಸಾಗಿಸುವವರಿಗೆ ಎತ್ತರದ ಡಬ್ಬಿ ಬೇಕಾಗಬಹುದು. ನನಗೆ ಬೇಕಾದದ್ದು ತಗ್ಗು ತಳ, ಎದೆಮಟ್ಟದ ಡಬ್ಬಿ, ಅಡ್ಡಗಾಳಿಗೆ ಕಡಿಮೆ ಮೈ, ತಳದ ಉದ್ದಕ್ಕೂ ತೂತಿರುವ ಹಳಿ, ನೂಕಿದಾಗ ತಾನೇ ಹಿಡಿಯುವ ಓವರ್‌ರನ್ ಬ್ರೇಕ್. ಮಂಜೂರಾತಿ ಇರುವ ತಯಾರಕರಿಂದ ಇಂಥದ್ದನ್ನು ತರಿಸಿಕೊಂಡವರು ರಾಯಚೂರು, ಬಳ್ಳಾರಿ ಕಡೆ ಯಾರಾದರೂ ಇದ್ದರೆ, ಆರ್‌ಟಿಒದಲ್ಲಿ ಯಾವ ಯಾವ ಕಾಗದ ಕೇಳಿದರು ಅಂತ ದಯವಿಟ್ಟು ಹೇಳಿ. ಲಿಂಗಸುಗೂರು ಹತ್ತಿರ ಇನ್ನೊಂದು ಎಂಜಿನ್ ನೋಡಿಟ್ಟಿದ್ದೇನೆ, ಮಳೆಗಾಲಕ್ಕೆ ಮೊದಲು ತರಬೇಕು.