ಪಣಜಿಯ ವಾರದ ಹಾಳೆ: ಹತ್ತೊಂಬತ್ತು ವಾರ ಆಯ್ತು

ಶುಕ್ರವಾರ ಸಂಜೆ ಹತ್ತೊಂಬತ್ತನೇ ಹಾಳೆ ಅಂಟಿಸಿ ಬಂದೆ. ಜುಲೈ ಕೊನೆಯಲ್ಲಿ ಶುರು ಮಾಡಿದ್ದು, ಒಂದು ವಾರವೂ ತಪ್ಪಿಲ್ಲ. ಈವರೆಗೆ ಏನೇನಾಯ್ತು ಅಂತ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಇದು ಎ3 ಅಳತೆಯ ಒಂದೇ ಹಾಳೆ. ಮುಂದಿನ ಏಳು ದಿನ ಪಣಜಿಯಲ್ಲಿ ಏನಿದೆ, ಯಾವ ರಸ್ತೆ ಬಂದ್, ಎಲ್ಲಿ ಜಾತ್ರೆ, ಇಷ್ಟನ್ನು ಕನ್ನಡದಲ್ಲಿ ಕೈಯಲ್ಲೇ ನಾಲ್ಕು ಪ್ರತಿ ಬರೆಯುತ್ತೇನೆ. ಒಂದು ಕದಂಬ ಬಸ್ ಸ್ಟ್ಯಾಂಡ್ ಹತ್ತಿರದ ಚಹಾ ಗಾಡಿಗೆ, ಒಂದು ಮಾರ್ಕೆಟ್‌ನಲ್ಲಿ ತರಕಾರಿ ಮಾರುವ ಅಕ್ಕನ ಕಟ್ಟೆಗೆ, ಒಂದು ತಾಳಗಾಂವ್‌ನಲ್ಲಿ ಕಟ್ಟಡ ಕೆಲಸದವರ ಶೆಡ್ಡಿಗೆ, ಇನ್ನೊಂದು ರಾಯಬಂದರ್‌ನ ಬೇಕರಿಗೆ. ಅಲ್ಲಿ ಪಾವ್, ಪೊಯಿ ಸುಡುವವರು, ಬೆಳಿಗ್ಗೆ ಸೈಕಲ್ ಮೇಲೆ ಹಾರ್ನ್ ಒತ್ತುತ್ತಾ ಮನೆಮನೆಗೆ ಕೊಡುವವರು, ಎಲ್ಲರೂ ನಮ್ಮ ಕಡೆಯವರೇ.

ಇದರ ಯೋಚನೆ ಹುಟ್ಟಿದ್ದು ಶಿಗ್ಮೋ ದಿನ, ಅಂದರೆ ಹೋಳಿ ಹೊತ್ತಿಗೆ ಗೋವಾದಲ್ಲಿ ಮಾಡುವ ಹಬ್ಬದ ದಿನ. ಮಾರ್ಚ್‌ನಲ್ಲಿ ಮೆರವಣಿಗೆಗೆ ರಸ್ತೆ ಮುಚ್ಚಿದ್ದರು. ತರಕಾರಿ ಅಕ್ಕ ಎರಡು ಬುಟ್ಟಿ ಸೊಪ್ಪು ಇಟ್ಟುಕೊಂಡು ಬಸ್ಸಿಗೆ ಕಾಯುತ್ತಾ ನಿಂತಿದ್ದರು. ‘ಇವತ್ತ ಬಸ್ ಈ ಕಡೆ ಯಾಕ ಬರವಲ್ದು ತಂಗಿ?’ ಅಂದರು. ಹೇಳಿದೆ. ‘ಹೌದಾ? ನಮಗ ಯಾರೂ ಹೇಳಂಗಿಲ್ಲ ನೋಡು’ ಅಂದರು. ಆ ಸುದ್ದಿ ಹಿಂದಿನ ದಿನದ ಎಲ್ಲ ಪೇಪರಿನಲ್ಲೂ ಇತ್ತು. ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ, ಕೊಂಕಣಿಯಲ್ಲಿ. ಹದಿನಾಲ್ಕು ವರ್ಷದಿಂದ ಇದೇ ಊರಿಗೆ ಸೊಪ್ಪು ತಿನ್ನಿಸುತ್ತಿರುವ ಅವರಿಗೆ ಮಾತ್ರ ತಲುಪಿರಲಿಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಾನು ಅಂಕೋಲೆಯವಳು, ಹಾಗಾಗಿ ಕೊಂಕಣಿ ಬರುತ್ತೆ, ಮರಾಠಿ ಓದುತ್ತೇನೆ. ಗುರುವಾರ ಕೆಲಸ ಮುಗಿಸಿ ಪಾಟ್ಟೊದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ವಾರದ ಪೇಪರು ತಿರುವಿ ಹಾಕುತ್ತೇನೆ. 1832ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದ ಗ್ರಂಥಾಲಯ ಅದು. ಆಮೇಲೆ ಒಂದು ಸುತ್ತು: ಮಹಾಲಕ್ಷ್ಮಿ ದೇವಸ್ಥಾನದ ಬೋರ್ಡು, ಚರ್ಚಿನ ಬೋರ್ಡು, ಆಜಾದ್ ಮೈದಾನ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತೆ. ರಾಜಧಾನಿ ಅಂದರೂ 2011ರ ಜನಗಣತಿಯಲ್ಲಿ ಪಣಜಿ ನಗರದ ಜನ ಸುಮಾರು 40,000. ನಮ್ಮ ಶಿರಸಿಗಿಂತ ಚಿಕ್ಕದು! ಹಾಗಾಗಿಯೇ ಒಬ್ಬಳೇ ಇದನ್ನು ಮಾಡೋಕೆ ಆಗುತ್ತಿರೋದು.

ಮೊದಲ ಮೂರು ಹಾಳೆ ಮಳೆಗೆ ಹೋದವು. ಸ್ಕೆಚ್ ಪೆನ್ ಬಣ್ಣ ಇಳಿದು ನೀಲಿ ಗೆರೆ ಅಷ್ಟೇ ಉಳಿದಿತ್ತು. ಈಗ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಾಲ್ಕೂ ಕಡೆ ಟೇಪು ಸುತ್ತುತ್ತೇನೆ. ಅಕ್ಷರವನ್ನೂ ದೊಡ್ಡದು ಮಾಡಿದೆ. ಚಹಾ ಗಾಡಿಯವರು ಕೇಳಿದ್ದರಿಂದ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಓದು ಬಾರದವರೂ ಅಂಕಿ ಗುರುತಿಸುತ್ತಾರೆ, ಉಳಿದದ್ದನ್ನು ಪಕ್ಕದವರಿಗೆ ಕೇಳುತ್ತಾರೆ.

ಐದನೇ ಹಾಳೆಯಲ್ಲಿ ದೊಡ್ಡ ತಪ್ಪು ಮಾಡಿದೆ. ಕೃಷ್ಣಾಷ್ಟಮಿ ಹೊತ್ತಿಗೆ ಮಾಂಡವಿ ದಂಡೆಯಲ್ಲಿ ಅಷ್ಟಮಿ ಫೇರಿ ಸೇರುತ್ತೆ. ಪಾತ್ರೆ, ಮರದ ಸಾಮಾನು, ಬಟ್ಟೆ, ಎಲ್ಲ ಸಿಗುವ ಸಂತೆ. ಅದು ಯಾವತ್ತು ಮುಗಿಯುತ್ತೆ ಅನ್ನೋದನ್ನು ಯಾರೋ ಹೇಳಿದ್ದು ಕೇಳಿ ಬರೆದುಬಿಟ್ಟೆ. ತಾಳಗಾಂವ್ ಶೆಡ್ಡಿನ ಗೌಂಡಿಯೊಬ್ಬರು ಹಾಳೆ ನಂಬಿ ಭಾನುವಾರ ಹೆಂಡತಿ ಮಗುವನ್ನು ಕರೆದುಕೊಂಡು ಬಂದರು. ಅಂಗಡಿಯವರು ಗಂಟು ಕಟ್ಟಿ ಲಾರಿಗೆ ಏರಿಸುತ್ತಿದ್ದರಂತೆ. ಕ್ಷಮೆ ಕೇಳೋಕೆ ಹೋದೆ. ‘ಇರಲಿ ಬಿಡ್ರಿ ಅಕ್ಕಾರ, ಹೊಳಿ ನೋಡಿ ಬಂದ್ವಿ’ ಅಂದರು. ವಾರಕ್ಕೆ ಒಂದೇ ರಜೆ ಅವರಿಗೆ. ಅವತ್ತಿನಿಂದ ನಾನೇ ಹೋಗಿ ಕೇಳದೆ ಯಾವ ತಾರೀಖನ್ನೂ ಬರೆಯುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಚೌತಿ ವಾರದ ಹಾಳೆ. ಇಲ್ಲಿ ಗಣಪತಿ ತಲೆಯ ಮೇಲೆ ಹಣ್ಣು, ಕಾಯಿ ತೂಗುಹಾಕಿದ ಮಾಟೋಳಿ ಕಟ್ಟುತ್ತಾರೆ. ನಮ್ಮ ಉತ್ತರ ಕನ್ನಡದ ಫಲಾವಳಿ ಹಾಗೆಯೇ. ಹಬ್ಬಕ್ಕೆ ಮುಂಚೆ ಮಾರ್ಕೆಟ್ ಸುತ್ತ ಮಾಟೋಳಿ ಸಂತೆ. ಹಳ್ಳಿಯವರು ಬೆಳಗಾಗುವ ಮೊದಲೇ ಬಂದು ಗೋಣಿಚೀಲ ಹಾಸಿ ಕೂತಿರುತ್ತಾರೆ. ಅಡಿಕೆ ಗೊನೆ, ಚಕ್ಕೋತ, ಜೋಡಿ ಕಟ್ಟಿದ ತೆಂಗಿನಕಾಯಿ, ಕಾಂಗ್ಲಾ ಅನ್ನೋ ಕಾಡು ಬಳ್ಳಿಯ ಕಾಯಿ ಗೊಂಚಲು. ಒದ್ದೆ ಎಲೆ, ಹಸಿ ಮಣ್ಣಿನ ವಾಸನೆ. ಒಬ್ಬ ಅಜ್ಜಿಯ ಮುಂದೆ ಮೂರೇ ಮೂರು ತರದ ಕಾಯಿ ಇದ್ದವು, ಒಂದೊಂದರ ಹೆಸರನ್ನೂ ಎರಡೆರಡು ಸಲ ಹೇಳಿ ಬರೆಸಿದರು. ಹಾಳೆಯಲ್ಲಿ ಅರ್ಧ ಜಾಗ ಅದಕ್ಕೇ ಕೊಟ್ಟೆ. ಎಂಟು ವರ್ಷದಿಂದ ಈ ಕಾಯಿಗಳನ್ನು ನೋಡುತ್ತಿದ್ದೆವು, ಯಾಕೆ ಅಂತ ಈಗ ಗೊತ್ತಾಯ್ತು ಅಂತ ಬೇಕರಿ ಹುಡುಗರು ಹೇಳಿದರು.

ದೀಪಾವಳಿ ಹಿಂದಿನ ರಾತ್ರಿ ಗಲ್ಲಿಗಲ್ಲಿಯಲ್ಲಿ ನರಕಾಸುರ ನಿಲ್ಲಿಸಿ ಬೆಳಗಿನ ಜಾವ ಸುಡುತ್ತಾರೆ. ನಸುಕಿನಲ್ಲೇ ಪಾವ್ ಹಂಚಲು ಹೊರಡುವವರಿಗಾಗಿ ಆ ವಾರ ಯಾವ ಗಲ್ಲಿ ತಪ್ಪಿಸಬೇಕು ಅಂತ ಸಣ್ಣ ನಕ್ಷೆ ಬರೆದೆ. ನವೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ. 2004ರಿಂದ ಇಲ್ಲೇ ನಡೆಯುತ್ತಿದೆ. ‘ನಮ್ಮನ್ನ ಒಳಗ ಬಿಡ್ತಾರೇನ್ರಿ?’ ಅಂತ ಶೆಡ್ಡಿನಲ್ಲಿ ಒಬ್ಬರು ಕೇಳಿದರು. ಮೊದಲೇ ಹೆಸರು ನೋಂದಾಯಿಸಬೇಕು, ಗುರುತಿನ ಚೀಟಿ ಬೇಕು ಅಂತ ಬರೆದೆ. ಮುಂದಿನ ವರ್ಷ ಇದನ್ನು ಒಂದು ತಿಂಗಳು ಮುಂಚೆಯೇ ಬರೆಯಬೇಕು.

ಕಾರ್ನಿವಲ್ ತಾರೀಖಿಗೂ ಈಗಲೇ ಲೆಕ್ಕ ಹಾಕಿಟ್ಟೆ. ಈಸ್ಟರ್‌ಗೆ 46 ದಿನ ಮುಂಚೆ, ಕ್ರೈಸ್ತರ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ. ಅದರ ಹಿಂದಿನ ಶನಿವಾರದಿಂದ ಮಂಗಳವಾರದವರೆಗೆ ಕಾರ್ನಿವಲ್. ಅಷ್ಟಮಿ, ಚೌತಿಗೆ ಪಂಚಾಂಗ ನೋಡಬೇಕು, ಇದಕ್ಕೆ ಈಸ್ಟರ್ ನೋಡಬೇಕು.

ಈ ವಾರದ ಹಾಳೆ ತುಂಬಿ ತುಳುಕುತ್ತಿದೆ. ಡಿಸೆಂಬರ್ 3ಕ್ಕೆ ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಫೆಸ್ತ್, ಅಂದರೆ ಹಬ್ಬ. ಬೆಳಗಾವಿ ಕಡೆಯಿಂದ ನಡೆದುಕೊಂಡೇ ಬರುವವರಿದ್ದಾರೆ. ರಾಯಬಂದರ್ ದಾರಿಯ ಬಸ್ಸುಗಳಲ್ಲಿ ಜನ ಜಾಸ್ತಿ ಇರ್ತಾರೆ, ಬೇಗ ಹೊರಡಿ ಅಂತ ಮೇಲೆಯೇ ಬರೆದಿದ್ದೇನೆ. 8ಕ್ಕೆ ಪಣಜಿ ಚರ್ಚಿನದೇ ಫೆಸ್ತ್, ಬಿಳಿ ಮೆಟ್ಟಿಲಿನ ಕೆಳಗೆ ಸಾಲು ಅಂಗಡಿ. ಬೆಲ್ಲ, ಶುಂಠಿ ಹಾಕಿದ ಖಾಜೆ ಅಲ್ಲಿ ಬಿಸಿಬಿಸಿ ಸಿಗುತ್ತೆ, ಮಕ್ಕಳನ್ನು ಕರೆದುಕೊಂಡು ಹೋಗಿ ಅಂತಲೂ ಸೇರಿಸಿದ್ದೇನೆ.

ಹದಿನೈದನೇ ವಾರದಿಂದ ಹಾಳೆಯ ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟು, ದಾರದಲ್ಲಿ ಒಂದು ಪೆನ್ಸಿಲ್ ಕಟ್ಟುತ್ತಿದ್ದೇನೆ. ಮೊದಲು ಯಾರೂ ಮುಟ್ಟಲಿಲ್ಲ. ನಿನ್ನೆ ಚಹಾ ಗಾಡಿ ಹತ್ತಿರ ಹೋದಾಗ ಮೂರು ಗೆರೆ ತುಂಬಿತ್ತು. ಒಂದು, ಬಾಡಿಗೆ ಖೋಲಿ ಬೇಕು ಅಂತ. ಇನ್ನೊಂದರಲ್ಲಿ ಯಾರೋ ಮಗಳ ಹುಟ್ಟುಹಬ್ಬದ ತಾರೀಖು ಬರೆದಿದ್ದರು. ಮೂರನೇದು: ‘ಮುದ್ದೇಬಿಹಾಳಕ್ಕ ಹೋಗವ್ರು ಇದ್ರ ಹೇಳ್ರಿ. ಅವ್ವಗ ಒಂದ್ ಚೀಲ ಕಳಸೋದೈತಿ.’ ಅದರ ಪಕ್ಕದಲ್ಲೇ ಬೇರೆ ಕೈಬರಹದಲ್ಲಿ ‘ಗುರುವಾರ ಹೊಂಟೀನಿ’ ಅಂತ ಇತ್ತು.